ಜಾಗ ಕೊಳ್ಳುವ ಮುಂಚೆ ಮಣ್ಣಿನ ಜಾತಕ ನೋಡಿ

ಹೊಲ ಕೊಳ್ಳುವಾಗ ರೈತನನ್ನು ಏಮಾರಿಸೋದು ಅಷ್ಟು ಸುಲಭ ಅಲ್ಲ. ಹಿಡಿ ಮಣ್ಣು ತಗೊಂಡು ಹಿಚುಕಿ ನೋಡ್ತೀವಿ. ಎರೆಯೋ, ಮಸಾರಿಯೋ, ಕೆಳಗೆ ಗರಸು ಎಷ್ಟು ಅಡಿಗೆ ಸಿಗುತ್ತೆ ಅಂತ ಹಾರೆ ಹಾಕಿ ನೋಡ್ತೀವಿ. ಬದುವಿನ ಮೇಲೆ ಎಂಥ ಗಿಡ ಬಂದಿದೆ ಅಂತ ಕಣ್ಣಾಡಿಸ್ತೀವಿ. ಬಾವಿ ಇದ್ದರೆ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಸಪ್ಪೆಯೋ ಸಿಹಿಯೋ ಹೇಳ್ತೀವಿ. ಪಕ್ಕದ ಹೊಲದವರ ಹತ್ತಿರ ಕೂತು ಹತ್ತು ವರ್ಷದ ಬೆಳೆ ಕಥೆ ಕೇಳ್ತೀವಿ.

ಅದೇ ನಾವು ಪೇಟೆಯಲ್ಲಿ ಒಂದು ಗೋದಾಮು, ಮಳಿಗೆ ಅಥವಾ ನಿಂತುಹೋದ ಮಿಲ್ಲಿನ ಜಾಗ ಕೊಳ್ಳಲು ಹೋದಾಗ ಏನು ನೋಡ್ತೀವಿ? ರಸ್ತೆ ಎಷ್ಟು ಅಗಲ, ಲಾರಿ ಒಳಗೆ ತಿರುಗುತ್ತಾ, ಚಾವಣಿ ಸೋರುತ್ತಾ, ಕರೆಂಟು ಇದೆಯಾ, ರೇಟು ಎಷ್ಟು. ಅಷ್ಟೇ. "ಅಲ್ಲೇನು ಬಿತ್ತೋದಿದೆಯಾ, ಮಣ್ಣು ಯಾಕೆ ನೋಡ್ಬೇಕು?" ಅನ್ನೋದು ನಮ್ಮ ಲೆಕ್ಕ. ಈ ಲೆಕ್ಕ ತಪ್ಪು ಅಂತ ಹೇಳೋದಕ್ಕೇ ಈ ಬರಹ.

ಈಗ ಬಹಳ ಕಡೆ ರೈತರ ಸಂಘಗಳು, ರೈತ ಉತ್ಪಾದಕರ ಕಂಪೆನಿಗಳು ಪೇಟೆಯಲ್ಲಿ ಜಾಗ ಹುಡುಕುತ್ತಿವೆ. ಗಾಣ ಹಾಕೋಣ, ಬೇಳೆ ಮಾಡೋಣ, ಸಿರಿಧಾನ್ಯ ಸಂಸ್ಕರಣೆ ಮಾಡೋಣ, ಬೆಲೆ ಬರುವ ತನಕ ಫಸಲು ಇಟ್ಟುಕೊಳ್ಳೋಣ ಅಂತ. ಒಳ್ಳೇ ಕೆಲಸ. ಆದರೆ ಕಡಿಮೆ ಬೆಲೆಗೆ ಸಿಗುವುದು ಯಾವ ಜಾಗ? ಮುಚ್ಚಿದ ಮಿಲ್ಲು, ಹಳೇ ಗ್ಯಾರೇಜು, ಬಿಟ್ಟುಹೋದ ಕಾರ್ಖಾನೆ. ಆ ಜಾಗಗಳ ಹೊಟ್ಟೆಯೊಳಗೆ ಏನಿದೆ ಅಂತ ಕೇಳುವವರು ಕಡಿಮೆ.

ಒಂದು ಡಾಲರಿನ ಜಾಗ

ಅಗ್ಗದ ಜಾಗದ ಕಥೆ ಒಂದು ಹೇಳ್ತೀನಿ. ಇದು ಅಮೆರಿಕದ ನಯಾಗರ ಫಾಲ್ಸ್ ಅನ್ನೋ ಊರಲ್ಲಿ ನಡೆದದ್ದು. 1890ರ ಸುಮಾರಿಗೆ ಲವ್ ಅನ್ನೋ ಆಸಾಮಿ ಅಲ್ಲಿ ಕಾಲುವೆ ತೋಡಿಸಲು ಹೊರಟು, ಅರ್ಧಕ್ಕೇ ಕೈಬಿಟ್ಟ. ಹಾಗಾಗಿ ಅದಕ್ಕೆ ಲವ್ ಕೆನಾಲ್ ಅಂತಲೇ ಹೆಸರು. 1942ರಿಂದ ಹೂಕರ್ ಅನ್ನೋ ರಾಸಾಯನಿಕ ಕಂಪೆನಿ ತನ್ನ ಕಾರ್ಖಾನೆಯ ವಿಷದ ಕಸವನ್ನು ಪೀಪಾಯಿಗಳಲ್ಲಿ ತುಂಬಿ ಆ ಗುಂಡಿಗೆ ಹಾಕಿತು. ಹತ್ತು ವರ್ಷದಲ್ಲಿ ಸುಮಾರು 21,000 ಟನ್! ಮೇಲೆ ಮಣ್ಣು ಮುಚ್ಚಿ 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಕೊಟ್ಟಿತು. ಬೆಲೆ ಎಷ್ಟು ಗೊತ್ತೇ? ಒಂದೇ ಒಂದು ಡಾಲರ್.

ಕಂಪೆನಿ ವಿಷಯ ಮುಚ್ಚಿಟ್ಟಿರಲಿಲ್ಲ. ಇಲ್ಲಿ ರಾಸಾಯನಿಕ ಕಸ ಹೂಳಿದ್ದೇವೆ, ಮುಂದೆ ಏನಾದರೂ ಆದರೆ ನಾವು ಜವಾಬ್ದಾರರಲ್ಲ ಅಂತ ಕ್ರಯಪತ್ರದಲ್ಲೇ ಬರೆಸಿತ್ತು. ಮಂಡಳಿಯವರು ತಗೊಂಡರು, ಶಾಲೆ ಕಟ್ಟಿದರು. ಸುತ್ತ ಮನೆಗಳು ಎದ್ದವು. ಇಪ್ಪತ್ತು ವರ್ಷ ಕಳೆದ ಮೇಲೆ ಮಳೆ, ಹಿಮ ಹೆಚ್ಚಾಗಿ ನೆಲದ ನೀರು ಮೇಲೆ ಬಂತು. ಅದರ ಜೊತೆ ವಿಷವೂ ಬಂತು. ನೆಲಮಾಳಿಗೆಗಳಲ್ಲಿ ಕಪ್ಪು ದ್ರವ ಜಿನುಗಿತು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ, ಶಾಲೆ ಮುಚ್ಚಿ, ನೂರಾರು ಸಂಸಾರಗಳನ್ನು ಎಬ್ಬಿಸಿ ಬೇರೆ ಕಡೆ ಕಳಿಸಬೇಕಾಯಿತು.

ಇದಾದ ಮೇಲೆ 1980ರಲ್ಲಿ ಅಮೆರಿಕದಲ್ಲಿ ಕಾನೂನು ಬಂತು. ವಿಷ ಹೂಳಿದವನ ಮೇಲಷ್ಟೇ ಅಲ್ಲ, ಈಗ ಜಾಗದ ಒಡೆಯ ಯಾರೋ ಅವನ ಮೇಲೂ ಶುದ್ಧಿ ಮಾಡುವ ಖರ್ಚು ಬೀಳಬಹುದು ಅಂತ ಆಯಿತು. ಕೊಳ್ಳುವ ಮೊದಲೇ ಸರಿಯಾಗಿ ವಿಚಾರಿಸಿದ್ದೆ ಅಂತ ತೋರಿಸಿದವನಿಗೆ ಮಾತ್ರ ಸ್ವಲ್ಪ ರಕ್ಷಣೆ. ಹಾಗಾಗಿ ಅಲ್ಲಿ ಈಗ ಮಳಿಗೆ, ಗೋದಾಮು ಯಾವುದೇ ಕೊಂಡರೂ ಮೊದಲು ಜಾಗದ ಪೂರ್ವೋತ್ತರ ಮತ್ತು ಮಣ್ಣು-ನೀರು ನೋಡಿಸೋದು ಪದ್ಧತಿಯೇ ಆಗಿಬಿಟ್ಟಿದೆ. ಬ್ಯಾಂಕಿನವರೂ ಅದನ್ನು ಕೇಳ್ತಾರೆ.

"ಅದು ಅಮೆರಿಕ ಬಿಡಿ" ಅನ್ನಬೇಡಿ. ರಾಜಸ್ಥಾನದ ಉದಯಪುರದ ಹತ್ತಿರ ಬಿಛ್ರಿ ಅಂತ ಒಂದು ಹಳ್ಳಿ. ನಮ್ಮಂಥ ಬಯಲುಸೀಮೆ, ಬಾವಿ ನಂಬಿಕೊಂಡ ಊರು. 1988ರ ಹೊತ್ತಿಗೆ ಅಲ್ಲಿನ ಕಾರ್ಖಾನೆಗಳು ಬಣ್ಣಕ್ಕೆ ಬಳಸುವ ಎಚ್-ಆಸಿಡ್ ಅನ್ನೋದನ್ನು ತಯಾರಿಸಿದವು. ಮಾಡಿದ್ದು 375 ಟನ್ ಮಾಲು. ಹಿಂದೆ ಉಳಿಸಿದ್ದು ಸುಮಾರು 2,400 ಟನ್ ವಿಷದ ಗಸಿ. ಅದನ್ನು ಬಯಲಲ್ಲೇ ಸುರಿದರು. ಮಳೆ ಬಂತು, ಗಸಿ ಇಳೀತು, ಬಾವಿಗಳ ನೀರಿಗೆ ಬಣ್ಣ ಬಂತು. ಜನರಿಗಿರಲಿ, ದನಕ್ಕೂ ಆಗಲಿಲ್ಲ, ಬೆಳೆಗೂ ಆಗಲಿಲ್ಲ. ಕೆಡಿಸಿದವರೇ ಖರ್ಚು ಕೊಡಬೇಕು ಅಂತ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ಆದರೆ ಶುದ್ಧಿಯ ಹಣ 37 ಕೋಟಿ ಚಿಲ್ಲರೆ ರೂಪಾಯಿಗೆ 2011ರಲ್ಲಿ ಅದೇ ಕೋರ್ಟು ಮತ್ತೆ ಬಡ್ಡಿ ಸಮೇತ ಕಟ್ಟಿ ಅಂತ ಆದೇಶ ಮಾಡಬೇಕಾಯಿತು. ತಯಾರಿಕೆ ನಡೆದದ್ದು ಸ್ವಲ್ಪೇ ಕಾಲ, ವ್ಯಾಜ್ಯ ನಡೆದದ್ದು ಇಪ್ಪತ್ತು ವರ್ಷಕ್ಕಿಂತ ಹೆಚ್ಚು.

ಭೋಪಾಲದ ದುರಂತ 1984ರದ್ದು. ಆ ಕಾರ್ಖಾನೆಯೊಳಗೆ ಉಳಿದಿದ್ದ 337 ಟನ್ ವಿಷದ ಕಸವನ್ನು ಅಲ್ಲಿಂದ ಸಾಗಿಸಿದ್ದು 2025ರ ಜನವರಿಯಲ್ಲಿ. ನಲವತ್ತು ವರ್ಷ! ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ಹಾಕಿ ಚಿನ್ನ ತೆಗೆದ ಮೇಲಿನ ಮಣ್ಣಿನ ಗುಡ್ಡಗಳು ಈಗಲೂ ಅಲ್ಲೇ ನಿಂತಿವೆ. ಗಾಳಿ ಬೀಸಿದರೆ ಧೂಳು ಊರಿಗೇ.

ಇದರಿಂದ ಕಲಿಯುವ ಪಾಠ ಇಷ್ಟು. ಜಾಗದ ಒಡೆತನ ಒಂದು ದಿನದಲ್ಲಿ ಬದಲಾಗುತ್ತೆ. ಮಣ್ಣಿನೊಳಗಿನ ವಿಷ ಹಾಗೆ ಬದಲಾಗಲ್ಲ. ಅದು ಪತ್ರದ ಜೊತೆ ನಿಮ್ಮ ಹೆಸರಿಗೆ ಬರುತ್ತೆ.

ಮೊದಲ ಹೆಜ್ಜೆ: ಹಳಬರನ್ನು ಕೇಳಿ

ದಲ್ಲಾಳಿ ಮಾತು ಕೇಳಬೇಡಿ ಅನ್ನಲ್ಲ, ಅವನೊಬ್ಬನದೇ ಕೇಳಬೇಡಿ. ಆ ಜಾಗದಲ್ಲಿ ಕಳೆದ 40-50 ವರ್ಷ ಏನೇನು ನಡೀತು ಅಂತ ತಿಳೀಬೇಕು. ಇದು ಗೊತ್ತಿರೋದು ಹಮಾಲರಿಗೆ, ರಾತ್ರಿ ಕಾವಲುಗಾರರಿಗೆ, ಬಾಯ್ಲರ್ ಹತ್ತಿರ ದುಡಿದವರಿಗೆ, ಎದುರಿನ ಟೀ ಅಂಗಡಿಯವರಿಗೆ. ಮಾಲೀಕನಿಗಿಂತ ಇವರಿಗೆ ಹೆಚ್ಚು ಗೊತ್ತು. ಹೀಗೆ ಕೇಳಿ: "ಯಜಮಾನ್ರೇ, ಇಲ್ಲಿ ಮೊದಲು ಏನು ಮಾಡ್ತಿದ್ರು? ಕೊಳೆ ನೀರು ಎಲ್ಲಿಗೆ ಬಿಡ್ತಿದ್ರು? ಕಸ ಯಾವ ಗುಂಡಿಗೆ ಹಾಕ್ತಿದ್ರು? ಬಾವಿ ಇತ್ತಾ, ಅದನ್ನ ಯಾಕೆ ಮುಚ್ಚಿದ್ರು?"

ಒಂದೊಂದು ಕಸುಬು ಒಂದೊಂದು ಗುರುತು ಬಿಟ್ಟು ಹೋಗುತ್ತೆ.

ಪೆಟ್ರೋಲ್ ಬಂಕು, ಗ್ಯಾರೇಜು ಇದ್ದಲ್ಲಿ ನೆಲದೊಳಗಿನ ಟ್ಯಾಂಕು, ಡೀಸೆಲ್, ಸುಟ್ಟ ಆಯಿಲ್. ಹಳೇ ಬ್ಯಾಟರಿ ಒಡೆದು ಕರಗಿಸುತ್ತಿದ್ದಲ್ಲಿ ಸೀಸ. ಇದು ಮಕ್ಕಳ ಬುದ್ಧಿಗೇ ಏಟು ಕೊಡುವ ಲೋಹ. ಚರ್ಮ ಹದ ಮಾಡುವಲ್ಲಿ, ಲೋಹಕ್ಕೆ ಹೊಳಪಿನ ಲೇಪ ಕೊಡುವಲ್ಲಿ ಕ್ರೋಮಿಯಂ. ನೂಲಿಗೆ ಬಣ್ಣ ಹಾಕುವಲ್ಲಿ ಬಣ್ಣದ ನೀರು, ಉಪ್ಪು, ಆಸಿಡ್. ಮರಕ್ಕೆ ಹುಳ ಹಿಡಿಯದಂತೆ ಔಷಧಿ ಉಣಿಸುತ್ತಿದ್ದಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್. ಅಕ್ಕಿ ಗಿರಣಿಯಲ್ಲಿ ಹೊಟ್ಟಿನ ಬೂದಿ, ಭತ್ತ ಬೇಯಿಸಿದ ನೀರು. ಇದು ಅಷ್ಟೊಂದು ಭಯದ್ದಲ್ಲ. ಹತ್ತಿ ಜಿನ್ನಿಂಗೂ ಹಾಗೇ.

ನಮ್ಮ ಕಡೆ ಹೆಚ್ಚು ಇರೋದು ಶೇಂಗಾ ಎಣ್ಣೆ ಮಿಲ್ಲುಗಳು. ಚಳ್ಳಕೆರೆಯನ್ನು ಎಣ್ಣೆ ನಗರ ಅಂತಲೇ ಕರೆಯೋರು. 1994ರಿಂದ ಪಾಮೋಲಿನ್ ಆಮದು ಸಲೀಸಾದ ಮೇಲೆ, ಮಳೆಯೂ ಕೈಕೊಟ್ಟು, ಎಷ್ಟೋ ಮಿಲ್ಲು ಬಾಗಿಲು ಹಾಕಿದವು. ಬರೀ ಒತ್ತಿ ಎಣ್ಣೆ ತೆಗೆಯುತ್ತಿದ್ದ ಮಿಲ್ಲಾದರೆ ಚಿಂತೆ ಕಡಿಮೆ. ಹಿಂಡಿಯಿಂದ ಮತ್ತೆ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕ ಇದ್ದರೆ ಅಲ್ಲಿ ಹೆಕ್ಸೇನ್ ಬಳಸಿರ್ತಾರೆ. ರಿಫೈನರಿ ಇದ್ದರೆ ಕಾಸ್ಟಿಕ್ ಸೋಡ, ಜಿಡ್ಡಿನ ಗಸಿ ಇರುತ್ತೆ. ಬಾಯ್ಲರಿಗೆ ಫರ್ನೇಸ್ ಆಯಿಲ್ ಬಳಸಿದ್ದರೆ ಟ್ಯಾಂಕು ನೆಲದೊಳಗೆ ಇರಬಹುದು. ಹಬೆ ಕೊಳವೆಗೆ ಸುತ್ತಿದ ಬಿಳೀ ನಾರು ಕಲ್ನಾರು ಆಗಿರಬಹುದು. ಅದನ್ನು ಕಿತ್ತು ಪುಡಿ ಮಾಡಿದರೆ ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಎರಡನೇ ಹೆಜ್ಜೆ: ಕಾಗದ ಓದಿ

ಇ.ಸಿ. ತೆಗೆಸಿದರೆ ಎಲ್ಲಾ ಮುಗೀತು ಅಂತ ನಾವು ತಿಳಿದಿದ್ದೇವೆ. ಜಾಗದ ಮೇಲೆ ಸಾಲ ಇದೆಯಾ, ಯಾರಿಂದ ಯಾರಿಗೆ ಬಂತು ಅನ್ನೋದು ಇ.ಸಿ.ಯಲ್ಲಿ ಗೊತ್ತಾಗುತ್ತೆ. ಮಣ್ಣಿನಲ್ಲಿ ವಿಷ ಇದೆಯಾ ಅಂತ ಗೊತ್ತಾಗಲ್ಲ. ಆದರೂ ಅದನ್ನೇ ಬೇರೆ ಕಣ್ಣಿಂದ ಓದಬಹುದು. 30 ವರ್ಷಕ್ಕೆ ಕಡಿಮೆ ಇಲ್ಲದಂತೆ ತೆಗೆಸಿ. ಹಿಂದಿನ ಒಡೆಯರಲ್ಲಿ ಯಾವುದಾದರೂ ಕಂಪೆನಿ ಹೆಸರು, ಕೆಮಿಕಲ್ಸ್, ಡೈಯಿಂಗ್, ಮೆಟಲ್ಸ್ ಅನ್ನೋ ಹೆಸರು ಇದ್ದರೆ ಅಲ್ಲಿ ಬೆರಳಿಡಿ. ಹಳೇ ಕ್ರಯಪತ್ರದ ಷೆಡ್ಯೂಲು ಪೂರ್ತಿ ಓದಿ. ಬಾಯ್ಲರು, ಟ್ಯಾಂಕು, ಬಾವಿ ಅಂತ ಅಲ್ಲೇ ಬರೆದಿರ್ತಾರೆ. ಇವತ್ತು ಅವು ಕಾಣದಿದ್ದರೆ, ಎಲ್ಲಿ ಹೋದವು ಅಂತ ಕೇಳಿ. ಲವ್ ಕೆನಾಲಿನ ಕಥೆ ನೆನಪಿರಲಿ, ಅಲ್ಲೂ ವಿಷಯ ಪತ್ರದಲ್ಲೇ ಇತ್ತು.

ಆಮೇಲೆ ಭೂಪರಿವರ್ತನೆ ಆದೇಶ ನೋಡಿ. ಯಾವ ಕಾರಣಕ್ಕೆ ಪರಿವರ್ತನೆ ಆಗಿದೆ ಅಂತ ಅದರಲ್ಲಿ ಇರುತ್ತೆ. ಪುರಸಭೆಯಲ್ಲಿ ಹಳೇ ವ್ಯಾಪಾರ ಪರವಾನಗಿ ಕೇಳಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 1974ರಿಂದಲೂ ಇದೆ. ಕಾರ್ಖಾನೆ ನಡೆಸಲು ಅವರ ಸಮ್ಮತಿ ಪತ್ರ ಬೇಕು. ಆ ಪತ್ರದಲ್ಲಿ ಎಷ್ಟು ಕೊಳೆ ನೀರು, ಎಂಥ ಕಸ, ಎಲ್ಲಿಗೆ ಕಳಿಸ್ತಾರೆ ಅಂತ ಇರುತ್ತೆ. ಮಂಡಳಿಯವರು ಕಾರ್ಖಾನೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸ್ತಾರೆ. ಕೆಂಪು ಅಂದರೆ ಹೆಚ್ಚು ಮಾಲಿನ್ಯದ್ದು. ನೀವು ನೋಡ್ತಿರೋ ಜಾಗ ಕೆಂಪು ಪಟ್ಟಿಯಲ್ಲಿತ್ತಾ, ನೋಟೀಸು ಬಂದಿತ್ತಾ ಅಂತ ತಿಳೀಬೇಕು. ಹಾಗೇ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.

ಮೊಬೈಲು ಬಲ್ಲ ಹುಡುಗರಿದ್ದರೆ ಅವರ ಕೈಲಿ ಸರ್ವೆ ಇಲಾಖೆಯ ದಿಶಾಂಕ್ ತೆಗೆಸಿ. ನಿಂತ ಜಾಗದ ಸರ್ವೆ ನಂಬರು, ಪಕ್ಕದಲ್ಲಿ ಕೆರೆಯೋ ಹಳ್ಳವೋ ತೋರಿಸುತ್ತೆ. ಹತ್ತಾರು ವರ್ಷದ ಹಿಂದೆ ಮೇಲಿಂದ ತೆಗೆದ ಉಪಗ್ರಹ ಚಿತ್ರಗಳೂ ಗೂಗಲ್ ಅರ್ಥ್‌ನಲ್ಲಿ ಸಿಗುತ್ತವೆ. ಆಗ ಇದ್ದ ಗುಂಡಿ ಈಗ ಮುಚ್ಚಿದ್ದರೆ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಸಾಕು.

ಮೂರನೇ ಹೆಜ್ಜೆ: ಕಣ್ಣು, ಮೂಗು, ಕಾಲು

ಜಾಗಕ್ಕೆ ಒಂದು ಸಲ ಹೋದರೆ ಸಾಲದು. ಬಿಸಿಲು ಏರಿದಾಗ ಒಮ್ಮೆ, ಮಳೆ ಬಿದ್ದ ಮಾರನೇ ದಿನ ಇನ್ನೊಮ್ಮೆ ಹೋಗಿ. ಮುಚ್ಚಿದ ಗೋದಾಮಿನ ಬಾಗಿಲು ಮಟಮಟ ಮಧ್ಯಾಹ್ನ ತೆರೆಸಿದರೆ ವಾಸನೆ ತಾನಾಗೇ ಹೇಳುತ್ತೆ. ಮಳೆಯಾದ ಮೇಲೆ ನಿಂತ ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕದಡಿ ನೋಡಿ. ತುಂಡು ತುಂಡಾಗಿ ಒಡೆದು ಹಾಗೇ ಉಳಿದರೆ ಅದು ಕಬ್ಬಿಣಾಂಶದ ಪೊರೆ ಇರಬಹುದು. ಮತ್ತೆ ಕೂಡಿಕೊಂಡರೆ ಎಣ್ಣೆ.

ಹುಬ್ಬೆ ಮಳೆಯಲ್ಲೂ ಗರಿಕೆ ಹುಟ್ಟದ ಬೋಳು ತೇಪೆ ಇದೆಯಾ? ಬೇವು, ಹೊಂಗೆ ಒಂದೇ ಮಗ್ಗುಲಿಗೆ ಒಣಗಿವೆಯಾ? ನೆಲದಿಂದ ಸುಮ್ಮನೆ ಒಂದು ಕಬ್ಬಿಣದ ಪೈಪು ಮೇಲೆ ಎದ್ದು ನಿಂತಿದೆಯಾ? ಅದು ಹೂತ ಟ್ಯಾಂಕಿನ ಗಾಳಿ ಕೊಳವೆ ಇರಬಹುದು. ಹಳೇ ನೆಲದ ನಡುವೆ ಹೊಸ ಸಿಮೆಂಟಿನ ಚೌಕ ಇದೆಯಾ? ತುಕ್ಕು ಹಿಡಿದ ಪೀಪಾಯಿ, ಬ್ಯಾಟರಿ ಚೂರು ಬಿದ್ದಿವೆಯಾ? ಇಳಿಜಾರಿನ ಕಡೆಯವರ ಬೋರ್‌ವೆಲ್ ನೀರು ಹೇಗಿದೆ? ನೀರು ಹರಿಯೋದು ಇಳಿಜಾರಿಗೆ, ವಿಷವೂ ಅದರ ಹಿಂದೇ. ಹಾಗಾಗಿ ನಿಮ್ಮ ಜಾಗ ಚೊಕ್ಕ ಇದ್ದರೂ ಮೇಲಿನ ಮಗ್ಗುಲಲ್ಲಿ ಏನಿದೆ ಅಂತಲೂ ನೋಡಿ.

ಒಂದು ಮಾತು, ನೆಲದ ಮೇಲೆ ಬಿಳಿ ಕಂಡ ಕೂಡಲೇ ವಿಷ ಅನ್ನಬೇಡಿ. ನಮ್ಮ ಕಡೆ ಸವುಳು ಹುಟ್ಟುಗುಣ. ಸುತ್ತಮುತ್ತ ಎಲ್ಲಾ ಕಡೆ ಹಾಗೇ ಇದ್ದರೆ ಅದು ಭೂಮಿಯದ್ದು. ಗೋಡೆಯ ಒಳಗೆ ಮಾತ್ರ ಇದ್ದು ಆಚೆ ಇಲ್ಲದಿದ್ದರೆ ಅದು ಮನುಷ್ಯನದ್ದು.

ಜೀವದ ಎಚ್ಚರಿಕೆಯೊಂದಿದೆ. ಹಗೇವಿಗೆ ಇಳಿಯುವ ಮೊದಲು ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡ್ತಿದ್ದರು. ದೀಪ ಆರಿದರೆ ಇಳೀಬೇಡ ಅಂತ. ಹಳೇ ಮಿಲ್ಲಿನ ಗುಂಡಿ, ಟ್ಯಾಂಕಿಗೆ ಈ ದೀಪದ ಪರೀಕ್ಷೆ ಮಾಡಲೇಬೇಡಿ. ಹೆಕ್ಸೇನ್, ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತಿರುತ್ತೆ. ಕಿಡಿ ತಾಗಿದರೆ ಸ್ಫೋಟ. ಅಲ್ಲಿ ಬೀಡಿಯೂ ಹಚ್ಚಬೇಡಿ, ಯಾರನ್ನೂ ಇಳಿಸಲೂಬೇಡಿ. ಅದು ಉಪಕರಣ ಇರುವವರ ಕೆಲಸ.

ನಮ್ಮ ಸಂಘ ನೋಡಿದ ಗೋದಾಮು

ನಮ್ಮದು 27 ಮನೆಗಳ ಸಂಘ. ಶೇಂಗಾ ಒಣಗಿಸಿ ಇಡಲು, ಗಾಣ ಹಾಕಲು ತಾಲ್ಲೂಕು ಪೇಟೆಯಲ್ಲಿ ಜಾಗ ಹುಡುಕಿದೆವು. ಒಂದು ಹಳೇ ಗೋದಾಮು ಸಿಕ್ಕಿತು. ಕಲ್ಲಿನ ಗೋಡೆ, ಒಳ್ಳೇ ರಸ್ತೆ. ಸುತ್ತಿನ ರೇಟಿಗಿಂತ ಮೂರನೇ ಒಂದು ಪಾಲು ಕಡಿಮೆ. ಎಲ್ಲರಿಗೂ ಹಿಡಿಸಿತು. ಬೇಸಿಗೆಯಲ್ಲಿ ಬಾಗಿಲು ತೆರೆಸಿದಾಗ ಮಾತ್ರ ಒಂದು ಹಳೇ ಹುಳಿ ಘಾಟು. ಐವತ್ತು ದಾಟಿದ ರೈತನಿಗೆ ಆ ವಾಸನೆ ಮರೆಯೋಕಾಗಲ್ಲ. ಬಿ.ಎಚ್.ಸಿ. ಪುಡಿ.

ಪಕ್ಕದ ಬೀದಿಯಲ್ಲಿದ್ದ ಮುದುಕ ಹಮಾಲರೊಬ್ಬರನ್ನು ಹುಡುಕಿ ಕೇಳಿದೆವು. "ಹೌದಪ್ಪಾ, ಗೊಬ್ಬರ, ಔಷಧಿ ಇಡ್ತಿದ್ದದ್ದು ಇಲ್ಲೇ. ಚೀಲ ಒಡೆದ್ರೆ ಗುಡಿಸಿ ಹಿಂದಿನ ಗುಂಡಿಗೆ ಹಾಕ್ತಿದ್ವಿ. ಬರಿಗೈಲೇ ಗುಡಿಸ್ತಿದ್ವಿ" ಅಂದರು.

ಸಂಘದಲ್ಲಿ ದೊಡ್ಡ ಚರ್ಚೆ ಆಯಿತು. "ಬಿ.ಎಚ್.ಸಿ. ನಿಂತು ಎಷ್ಟು ವರ್ಷ ಆಯ್ತು, ತೊಳೆದು ಸುಣ್ಣ ಹೊಡೆದರೆ ಮುಗೀತು" ಅಂತ ಕೆಲವರು. ಮಾತಿನಲ್ಲಿ ಸತ್ಯ ಇಲ್ಲದಿಲ್ಲ, 1997ರಿಂದ ಬಿ.ಎಚ್.ಸಿ.ಗೆ ನಿಷೇಧ ಇದೆ. ಡಿ.ಡಿ.ಟಿ.ಯನ್ನು ಬೇಸಾಯಕ್ಕೆ ಬಳಸೋದು 1989ರಲ್ಲೇ ನಿಂತಿತು. ಆದರೆ ಇವು ಬೇಗ ಕರಗುವ ಜಾತಿಯವಲ್ಲ. ಮಣ್ಣಿನಲ್ಲಿ ಹತ್ತಾರು ವರ್ಷ ಕೂರುತ್ತವೆ. ಇನ್ನೊಂದು ಗುಣ ಏನೆಂದರೆ ಇವು ನೀರಿಗಿಂತ ಜಿಡ್ಡಿಗೆ ಹೆಚ್ಚು ಅಂಟುತ್ತವೆ. ಕಬ್ಬಿಣದ ಸರಳು ಇಟ್ಟರೆ ಏನೂ ಆಗಲಿಕ್ಕಿಲ್ಲ. ನಾವು ಇಡಬೇಕಾದದ್ದು ಶೇಂಗಾ, ತೆಗೆಯಬೇಕಾದದ್ದು ಎಣ್ಣೆ. ಔಷಧಿ ಇಲ್ಲದ ಎಣ್ಣೆ ಅಂತ ಹೇಳಿ ಮಾರುವವರು ನಾವು.

ಮುಂಗಡ ಕೊಡುವ ಮೊದಲೇ ಮೂರು ಮಾದರಿ ತೆಗೆದೆವು. ಒಳಗಿನ ನೆಲದ ಬಿರುಕಿನ ಧೂಳು, ಹಿಂದಿನ ಗುಂಡಿಯ ಮಣ್ಣು, ದೂರದ ಮೂಲೆಯ ಮಣ್ಣು. ಪ್ರಯೋಗಾಲಯದ ಚೀಟಿ ಬಂತು. ಮೂಲೆಯ ಮಣ್ಣು ಚೊಕ್ಕ. ಧೂಳಿನಲ್ಲೂ ಗುಂಡಿಯಲ್ಲೂ ಬಿ.ಎಚ್.ಸಿ. ಇತ್ತು. ಬಿಟ್ಟೆವು. ಆಮೇಲೆ ಅದನ್ನು ಕಬ್ಬಿಣದ ಅಂಗಡಿಯವರು ಕೊಂಡರು. ಅವರಿಗೂ ಚೀಟಿ ತೋರಿಸಿ, ಹಿಂದಿನ ಗುಂಡಿ ಕೆದಕಬೇಡಿ, ಅಲ್ಲಿ ಬೋರು ಹಾಕಬೇಡಿ ಅಂತ ಹೇಳಿ ಬಂದೆವು. ಮಾರುವವರಿಗೆ ನಮ್ಮ ಮೇಲೆ ಸಿಟ್ಟು ಬಂತು, ಇರಲಿ. ಜಾಗ ಕೆಟ್ಟದ್ದಾ ಒಳ್ಳೇದಾ ಅನ್ನೋ ಪ್ರಶ್ನೆ ಯಾವಾಗಲೂ ಅರ್ಧ ಪ್ರಶ್ನೆ. ಯಾವ ಕೆಲಸಕ್ಕೆ ಅಂತ ಸೇರಿಸಿದರೆ ಪೂರ್ತಿ ಆಗುತ್ತೆ.

ನಾಲ್ಕನೇ ಹೆಜ್ಜೆ: ಪರೀಕ್ಷೆ

ಇಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಮಣ್ಣು ಪರೀಕ್ಷೆ ಅಂದ ಕೂಡಲೇ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಕೊಟ್ಟು ಬರ್ತಾರೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಬರೋದು 12 ಅಂಶ. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಮತ್ತೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಬೆಳೆಗೆ ಅದು ಸರಿ. ಸೀಸ, ಡೀಸೆಲ್, ಬಿ.ಎಚ್.ಸಿ. ಅದರಲ್ಲಿ ಇಲ್ಲ. ಚೀಟಿ ಚೆನ್ನಾಗಿ ಬಂತು ಅಂತ ಜಾಗ ಚೊಕ್ಕ ಅಂತಲ್ಲ. ಎನ್.ಎ.ಬಿ.ಎಲ್. ಮಾನ್ಯತೆ ಇರುವ ಪ್ರಯೋಗಾಲಯಕ್ಕೇ ಹೋಗಿ. ಏನನ್ನು ಹುಡುಕಬೇಕು ಅಂತ ನೀವೇ ಹೇಳಬೇಕು. ಎಲ್ಲಾ ನೋಡಿ ಅಂದರೆ ಹಣ ಸಾಲದು. ಹಳಬರಿಂದ ಕೇಳಿದ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತೆ.

ಮಾದರಿ ತೆಗೆಯುವ ಕ್ರಮವೂ ಹೊಲದ್ದಕ್ಕೆ ಉಲ್ಟಾ. ಹೊಲದಲ್ಲಿ ಹತ್ತಾರು ಕಡೆ ಮಣ್ಣು ತೆಗೆದು, ಕಲಸಿ, ನಾಲ್ಕು ಪಾಲು ಮಾಡಿ ಅರ್ಧ ಕಿಲೋ ಉಳಿಸ್ತೀವಿ. ಇಲ್ಲಿ ಕಲಸಬಾರದು. ಒಂದು ಕಡೆಯ ವಿಷ ಒಂಬತ್ತು ಕಡೆಯ ಒಳ್ಳೇ ಮಣ್ಣಿನಲ್ಲಿ ಅಡಗಿ ಹೋಗುತ್ತೆ. ಅನುಮಾನದ ಜಾಗದ್ದನ್ನು ಬೇರೆ ಬೇರೆಯಾಗಿ ತೆಗೀರಿ. ಮೇಲಿನ ಅರ್ಧ ಅಡಿ ಒಂದು, ಮೂರಡಿ ಆಳದ್ದೊಂದು, ಟ್ಯಾಂಕು ಇದ್ದಲ್ಲಿ ಇನ್ನೂ ಆಳದ್ದೊಂದು. ಜೊತೆಗೆ ಯಾವ ಕೆಲಸವೂ ನಡೆಯದ ಮೂಲೆಯದೊಂದು ತೆಗೆಯಲೇಬೇಕು. ಅದು ತಕ್ಕಡಿಯ ಇನ್ನೊಂದು ತಟ್ಟೆ.

ಲೋಹದ ಪರೀಕ್ಷೆಗೆ ಹೊಸ ಪ್ಲಾಸ್ಟಿಕ್ ಚೀಲ ಸಾಕು. ಪೆಟ್ರೋಲ್, ಎಣ್ಣೆ ಜಾತಿಗೆ ಗಾಜಿನ ಬಾಟಲಿ, ಮೇಲೆ ಗಾಳಿ ಇರದಂತೆ ತುಂಬಿ, ಐಸ್ ಡಬ್ಬದಲ್ಲಿಟ್ಟು ಅದೇ ದಿನ ಮುಟ್ಟಿಸಿ. ಬಾಟಲಿಯನ್ನು ಪ್ರಯೋಗಾಲಯದವರಿಂದಲೇ ಈಸಿಕೊಂಡರೆ ಇನ್ನೂ ಒಳ್ಳೇದು. ಬೋರಿನ ನೀರು ತೆಗೆಯುವ ಮೊದಲು 15-20 ನಿಮಿಷ ಮೋಟಾರು ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ.

ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಅಂತ ಇದೆ, 2012ರದ್ದು. ಅದರ ಪ್ರಕಾರ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 0.05, ನೈಟ್ರೇಟ್ 45 ದಾಟಬಾರದು. ಫ್ಲೋರೈಡ್ 1 ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಚೀಟಿ ಬಂದಾಗ ಈ ಅಂಕಿ ಪಕ್ಕ ಇಟ್ಟುಕೊಂಡು ಓದಿ. ಚಿತ್ರದುರ್ಗ, ಪಾವಗಡದ ಕಡೆ ಫ್ಲೋರೈಡ್ ಹೆಚ್ಚು ಬಂದರೆ ಮಿಲ್ಲನ್ನು ಬೈಯಬೇಡಿ. ಅದು ನಮ್ಮ ಬಂಡೆಯಿಂದಲೇ ಬರೋದು. ಏರಿನ ಕಡೆಯ ಇನ್ನೊಂದು ಬೋರಿನ ನೀರೂ ಪರೀಕ್ಷಿಸಿದರೆ ಯಾವುದು ಬಂಡೆಯದ್ದು, ಯಾವುದು ಮಿಲ್ಲಿನದ್ದು ಅಂತ ಬೇರೆಯಾಗುತ್ತೆ.

ಐದನೇ ಹೆಜ್ಜೆ: ಮುಂಗಡದ ಮೊದಲೇ ಮಾತು

ಹಣ ನಿಮ್ಮ ಕೈಯಲ್ಲಿರುವ ತನಕ ಮಾತ್ರ ನಿಮ್ಮ ಮಾತಿಗೆ ಬೆಲೆ. ಆಸ್ತಿ ವರ್ಗಾವಣೆ ಕಾಯಿದೆ 1882ರ 55ನೇ ಕಲಮಿನಲ್ಲಿ, ಕೊಳ್ಳುವವ ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದ, ಮಾರುವವನಿಗೆ ಮಾತ್ರ ಗೊತ್ತಿರುವ ದೊಡ್ಡ ದೋಷವನ್ನು ಮಾರುವವ ಹೇಳಬೇಕು ಅಂತಿದೆ. ಸಾಧಾರಣ ಎಚ್ಚರಿಕೆ ಅನ್ನೋ ಮಾತು ಗಮನಿಸಿ. ನೀವು ನೋಡಲೇ ಇಲ್ಲ, ಕೇಳಲೇ ಇಲ್ಲ ಅಂದರೆ ನಾಳೆ ಕೋರ್ಟಿನಲ್ಲಿ ನಿಮ್ಮ ಕೈ ಬಲ ಇರಲ್ಲ.

ಕರಾರು ಪತ್ರದಲ್ಲಿ ವಕೀಲರಿಂದ ಇಷ್ಟು ಬರೆಸಿ. ಇಲ್ಲಿ ಯಾವ ಯಾವ ಕಸುಬು ನಡೆದಿತ್ತು. ನೆಲದೊಳಗೆ ಟ್ಯಾಂಕು, ಹೂತ ಕಸ ಇದೆಯೋ ಇಲ್ಲವೋ. ಮಾಲಿನ್ಯ ಮಂಡಳಿಯ ನೋಟೀಸು ಬಾಕಿ ಇದೆಯೋ ಇಲ್ಲವೋ. ಗುಂಡಿ ತೋಡಿ ಮಾದರಿ ತೆಗೆಯಲು ಒಪ್ಪಿಗೆ, ಅದಕ್ಕೆ ಇಂತಿಷ್ಟು ದಿನ. ಚೀಟಿ ಕೆಟ್ಟದಾಗಿ ಬಂದರೆ ಮುಂಗಡ ವಾಪಸು. ಮಾರುವವರು ಗುದ್ದಲಿ ಹಾಕಲು ಬಿಡೋದೇ ಇಲ್ಲ ಅಂದರೆ? ಅದೂ ಒಂದು ಪರೀಕ್ಷೆಯ ಫಲಿತಾಂಶವೇ.

ಕೆಡಿಸಿದವನೇ ಖರ್ಚು ಕೊಡಬೇಕು ಅನ್ನೋದು ನಮ್ಮ ದೇಶದಲ್ಲೂ ಕಾನೂನು. ಮಲಿನಗೊಂಡ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿದೆ. ಅನುಮಾನದ ಜಾಗಗಳನ್ನು ಗುರುತಿಸಿ, ಮಂಡಳಿ ಪರೀಕ್ಷೆ ಮಾಡಿಸಿ, ಕೆಡಿಸಿದವರನ್ನು ಹುಡುಕಿ ಶುದ್ಧಿ ಮಾಡಿಸಬೇಕು ಅಂತ. ಒಳ್ಳೇದೇ. ಆದರೆ ಕೆಡಿಸಿದವನು ಊರು ಬಿಟ್ಟಿದ್ದರೆ, ಕಂಪೆನಿ ಮುಳುಗಿದ್ದರೆ? ಬಿಛ್ರಿ ನೋಡಿದಿರಲ್ಲ. ಅಧಿಕಾರಿಗಳು ಬಂದಾಗ ಬಾಗಿಲು ತೆರೆಯಬೇಕಾದವರು ನೀವು. ಅಲ್ಲಿಯ ತನಕ ಗಾಣ ನಿಲ್ಲೋದು ನಿಮ್ಮದು.

ವಿಷ ಕಂಡರೆ ಏನು ಮಾಡೋದು?

ಮೂರು ದಾರಿ ಇವೆ. ಒಂದು, ಬಿಟ್ಟುಬಿಡೋದು. ಎರಡು, ಮಾರುವವರೇ ಶುದ್ಧಿ ಮಾಡಿಸಿ ಮತ್ತೆ ಪರೀಕ್ಷೆ ಚೀಟಿ ಕೊಡೋದು. ನಾವು ಕೊನೆಗೆ ಕೊಂಡದ್ದು ಹೀಗೆ. ಒಂದು ಹಳೇ ಮಿಲ್ಲಿನ ಜಾಗದಲ್ಲಿ ಫರ್ನೇಸ್ ಆಯಿಲಿನ ಹೂತ ಟ್ಯಾಂಕಿತ್ತು. ಮಾಲೀಕರೇ ತೋರಿಸಿದರು. ಅವರ ಖರ್ಚಿನಲ್ಲೇ ಅದನ್ನು ತೆಗೆಸಿ, ಸುತ್ತಿನ ಕಪ್ಪು ಮಣ್ಣನ್ನು ಮಂಡಳಿಯ ಅನುಮತಿ ಇರುವವರಿಗೆ ಒಪ್ಪಿಸಿ, ರಸೀತಿ ಕೊಟ್ಟ ಮೇಲೆ ನೋಂದಣಿ ಆಯಿತು. ಎರಡು ತಿಂಗಳು ತಡ ಆಯಿತು, ಅಷ್ಟೇ. ಮೂರು, ಶುದ್ಧಿಯ ಖರ್ಚು ಬೆಲೆಯಲ್ಲಿ ಕಳೆದು, ಆ ಜಾಗಕ್ಕೆ ಹೊಂದುವ ಕೆಲಸಕ್ಕೆ ಮಾತ್ರ ಬಳಸೋದು. ಇದಕ್ಕೆ ತಿಳಿದವರ ಲೆಕ್ಕ ಬೇಕು, ಅಂದಾಜಿನಲ್ಲಿ ಮಾಡಬೇಡಿ.

ನಾಲ್ಕನೇ ದಾರಿಯೊಂದಿದೆ, ಅದನ್ನು ಮಾಡಬಾರದು. ರಾತ್ರೋರಾತ್ರಿ ಆ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಹಳ್ಳಕ್ಕೆ ಸುರಿಯೋದು, ನೆಲ ತೊಳೆದ ನೀರನ್ನು ಚರಂಡಿಗೆ ಬಿಡೋದು. ಹಳ್ಳದ ಕೆಳಗೆ ಯಾರದೋ ಬಾವಿ ಇದೆ. ಅಲ್ಲಿ ನೀರು ಕುಡಿಯೋದು ನಮ್ಮಂಥ ರೈತನೇ, ಅವನ ದನವೇ.

ನಾವು ಬರೀ ಕೊಳ್ಳುವವರಲ್ಲ, ಮಾರುವವರೂ ಹೌದು. ಹೆದ್ದಾರಿ ಪಕ್ಕದ ಹೊಲ, ಪಂಪುಮನೆ, ಔಷಧಿ ಡಬ್ಬ ತುಂಬಿದ ಹಳೇ ಕೊಟ್ಟಿಗೆ ಎಷ್ಟೋ ಜನ ಮಾರ್ತಿದ್ದಾರೆ. ಯಾವ ಮೂಲೆಯಲ್ಲಿ ಏನು ಹೂತಿದ್ದೇವೆ ಅಂತ ನಮಗೆ ಗೊತ್ತಿರುತ್ತೆ. ಕೇಳದಿದ್ದರೂ ಹೇಳಿ. ಬೆಲೆ ಸ್ವಲ್ಪ ಇಳಿಯಬಹುದು. ಆದರೆ ಆ ಜಾಗದಲ್ಲಿ ನಾಳೆ ಯಾರೋ ಬೋರು ಕೊರೆಸ್ತಾರೆ, ಅವರ ಮನೆ ಮಗು ಆ ನೀರು ಕುಡಿಯುತ್ತೆ.